ರಾಚಯ್ಯನವರ ಹೆಸರಿನ ಬೂಷ್ಟು

ಮಲಪ್ರಭೆಯ ದಡದಲ್ಲಿ ಒಂದು ಶಾಲೆ. ದೂರದಿಂದ ನೋಡಿದವರು ಮಠವೆಂದುಕೊಂಡು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಬಂದ ಮೇಲೆ ಮೂಗು ಮುಚ್ಚಿಕೊಂಡು ಚಪ್ಪಲಿ ಹುಡುಕುತ್ತಿದ್ದರು.

ಅಲ್ಲಿ ಕಲಿಸುತ್ತಿದ್ದದ್ದು ಬೂಷ್ಟು.

ರೊಟ್ಟಿಯ ಮೇಲೆ ಬರುವ ಬೂಷ್ಟಲ್ಲ. ಕೆರೆಯ ನೀರಿನಲ್ಲಿ, ಹೊಲದ ಮಣ್ಣಿನಲ್ಲಿ ಕಣ್ಣಿಗೆ ಕಾಣದೆ ಬದುಕುವ ಬೂಷ್ಟು. ಚಿಟಿಕೆ ಮಣ್ಣನ್ನು ನೀರಿಗೆ ಹಾಕಿ, ಮೇಲೆ ಜೋಳದ ಪರಾಗ ಉದುರಿಸಿ ಕಾಯಬೇಕು. ಕೆಲವು ದಿನಕ್ಕೆ ಪರಾಗದ ಮೇಲೆ ಸಣ್ಣ ಚೀಲಗಳು ಮೂಡುತ್ತವೆ. ಆ ಚೀಲ ಬಾಯಿ ತೆರೆದು, ಒಂದೇ ಬಾಲದ ಬೀಜಕಗಳನ್ನು ನೀರಿಗೆ ಬಿಡುತ್ತದೆ. ಅವು ಬಾಲ ಬೀಸಿ ಈಜುತ್ತ ಹೋಗುತ್ತವೆ. ಶಾಲೆಯವರು ಅವನ್ನು ಮರಿ ಎಂದೇ ಕರೆಯುತ್ತಿದ್ದರು.

ಗುರುಗಳ ಹೆಸರು ಅಂದಾನಪ್ಪ ಮಾಸ್ತರು. ವಯಸ್ಸಾಗಿತ್ತು. ಭೂತಗನ್ನಡಿ ಇಲ್ಲದೆ ಮುಂದಿರುವ ಚಹಾದ ಕಪ್ಪೂ ಸರಿಯಾಗಿ ಕಾಣುತ್ತಿರಲಿಲ್ಲ.

ಶಿಷ್ಯೆಯ ಹೆಸರು ಶಿವಲೀಲಾ. ಅವಳಿಗೆ ಎಲ್ಲವೂ ಕಾಣುತ್ತಿತ್ತು, ಏನೂ ತಿಳಿಯುತ್ತಿರಲಿಲ್ಲ.

ಬಂದ ಹೊಸತರಲ್ಲಿ ಅವಳು ತಲೆ ಕೆಡಿಸಿಕೊಂಡದ್ದು ಚೀಲದ ಆಕಾರಕ್ಕೆ. ಒಂದೇ ಚೀಲದಿಂದ ಬಂದ ಮರಿಗಳನ್ನು ಎರಡು ಗಾಜಿನ ತಟ್ಟೆಗೆ ಹಂಚಿದ್ದಳು. ಒಂದಕ್ಕೆ ಪರಾಗ ಹಾಕಿದ್ದಳು, ಇನ್ನೊಂದಕ್ಕೆ ಹಾವಿನ ಪೊರೆಯ ಚೂರು. ಪರಾಗದ ಮೇಲೆ ಬೆಳೆದದ್ದು ದುಂಡಗಿತ್ತು. ಪೊರೆಯ ಮೇಲೆ ಬೆಳೆದದ್ದು ಉದ್ದಕ್ಕೆ, ಸೊಟ್ಟಗೆ ಇತ್ತು.

“ಸರ್, ಇದರ ಖರೇ ಆಕಾರ ಯಾವ್ದ್ರಿ?”

ಮಾಸ್ತರರು ಕೇಳಿದರು, “ನೀ ಇಲ್ಲಿ ಖಾನಾವಳಿ ಊಟ ಮಾಡಿ ಹೆಂಗಾಗಿದಿ?”

“ಸೊರಗೀನ್ರಿ.”

“ಊರಿಗೆ ಹೋದ್ರ?”

“ಅವ್ವ ತುಪ್ಪ ಸುರೀತಾಳ್ರಿ. ಮೈ ತುಂಬ್ಕೋತೀನಿ.”

“ಸೊರಗಿ ಹೋದಾಗ ಅವ್ವಗ ಗುರ್ತ ಸಿಗೂದಿಲ್ಲೇನು?”

“ಸಿಗ್ತೈತ್ರಿ. ಒಳಗ ನಾನ ಇರ್ತೀನಲ್ರಿ.”

“ಹಂಗಾದ್ರ ಒಳಗ ನೋಡು,” ಅಂದರು ಮಾಸ್ತರರು. ಚಹಾ ಕುಡಿಯಲು ಎದ್ದು ಹೋದರು.

ಒಳಗೆ ನೋಡುವುದು ಸುಲಭದ ಕೆಲಸವಾಗಿರಲಿಲ್ಲ. ಈಜುವ ಮರಿಗಳ ಮೇಲೆ ಔಷಧದ ಹನಿ ಬಿಟ್ಟು, ಇದ್ದ ಭಂಗಿಯಲ್ಲೇ ಕೊಲ್ಲಬೇಕು. ಅಂಟಿನಲ್ಲಿ ಕೂರಿಸಿ ಗಟ್ಟಿ ಮಾಡಬೇಕು. ಆಮೇಲೆ ಪಟ್ಟಣದ ದೊಡ್ಡ ಸಂಸ್ಥೆಗೆ ಹೋಗಿ, ಗಾಜು ಮುರಿದು ಮಾಡಿದ ಕತ್ತಿಯಿಂದ ಆ ಒಂದು ಮರಿಯನ್ನೇ ಹಾಳೆ ಹಾಳೆಯಾಗಿ ಸೀಳಬೇಕು. ಅಲ್ಲಿಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಒಂದೊಂದು ಸೀಳಿನ ಚಿತ್ರ ತೆಗೆದು, ಫಿಲ್ಮುಗಳನ್ನು ಹೊತ್ತು ಬಸ್ಸು ಹತ್ತಬೇಕು.

ಶಿವಲೀಲಾ ಮೊದಲ ಸಲ ಒಂದೇ ಒಂದು ಸೀಳಿನ ಚಿತ್ರ ತಂದಳು. ಬಲು ಚೆಂದದ ಚಿತ್ರ.

“ಸರ್, ಒಳಗೊಂದು ದುಂಡನ ಚುಕ್ಕಿ ಐತ್ರಿ. ಏನಂತ ತಿಳೀವಲ್ದು.”

ಮಾಸ್ತರರು ಎದ್ದು ಕಿಟಕಿಯ ಬಾಗಿಲು ಎಳೆದರು. ಕೂದಲೆಳೆಯಷ್ಟು ಸಂದು ಮಾತ್ರ ಉಳಿಯಿತು.

“ಇಲ್ಲಿ ಕಣ್ಣಿಡು. ದಾರ್ಯಾಗ ಯಾರರ ಹೋದ್ರ ಹೇಳು.”

ಅವಳು ಕಣ್ಣಿಟ್ಟಳು. ಏನೋ ಕೆಂಪಗೆ ಸರಿಯಿತು. ತಕ್ಷಣ ಮಾಸ್ತರರು ಸಂದನ್ನೂ ಮುಚ್ಚಿಬಿಟ್ಟರು.

“ಸೀರಿಯೋ, ರುಮಾಲೋ?”

“ಗೊತ್ತಾಗ್ಲಿಲ್ರಿ. ನೀವು ಮುಚ್ಚಿದ್ರಿ.”

“ಪೂರ್ತಿ ದಾಟಿ ಹೋಗೂತನ ನಾನೂ ಮುಚ್ಚಬಾರ್ದಿತ್ತು, ನೀನೂ ಮುಚ್ಚಬಾರ್ದಿತ್ತು.”

ಅವಳು ಮತ್ತೆ ಬಸ್ಸು ಹತ್ತಿದಳು. ಈ ಸಲ ಒಂದು ಮರಿಯ ತಲೆಯಿಂದ ಬಾಲದವರೆಗೆ ಸಾಲಾಗಿ ಎಲ್ಲ ಸೀಳುಗಳನ್ನೂ ತಂದಳು. ಜೋಡಿಸಿ ನೋಡಿದಾಗ ಚುಕ್ಕಿ ಚುಕ್ಕಿಯಾಗಿರಲಿಲ್ಲ, ಒಂದು ಸಣ್ಣ ಕೊಳವೆಯಾಗಿತ್ತು.

ಮರಿಯ ಬಾಲಕ್ಕೆ ಮೈಯೊಳಗೆ ಒಂದು ಬೇರು. ಆ ಬೇರಿನ ಪಕ್ಕದಲ್ಲೇ ಇನ್ನೊಂದು ಬೇರು, ಅದಕ್ಕೆ ಬಾಲವೇ ಇಲ್ಲ; ಅವಳು ಕಂಡ ಕೊಳವೆ ಅದೇ. ಅದನ್ನು ಶಾಲೆಯವರು ಮೋಟು ಅನ್ನುತ್ತಿದ್ದರು. ಪರಾಗ ತಿನ್ನಲಿ, ಪೊರೆ ತಿನ್ನಲಿ, ಮೋಟು ತನ್ನ ಭಂಗಿ ಬಿಡುವುದಿಲ್ಲ. ಕೆಲವು ವಂಶಗಳಲ್ಲಿ ಅದು ಬೇರಿನ ಜೊತೆಗೆ ನೆಟ್ಟಗೆ ನಿಂತಿರುತ್ತದೆ, ಇನ್ನು ಕೆಲವುಗಳಲ್ಲಿ ಓರೆಯಾಗಿ. ಹೊರಗಿನ ಚೀಲ ಎಷ್ಟೇ ವೇಷ ಹಾಕಲಿ, ಮೋಟನ್ನು ನೋಡಿದರೆ ಮನೆತನ ತಿಳಿಯುತ್ತದೆ.

ಶಿವಲೀಲಾಗೆ ಖುಷಿಯಾಯಿತು. ಗೊಂದಲ ಮುಗಿಯಿತು ಅಂದುಕೊಂಡಳು. ಪಾಪ, ಅದು ಅಲ್ಲಿಂದಲೇ ಶುರುವಾಗುವುದಿತ್ತು.

“ಈಗ ರಾಚಯ್ಯನವರದನ್ನ ನೋಡು,” ಅಂದರು ಮಾಸ್ತರರು.

ರಾಚಯ್ಯನವರೆಂದರೆ ಮಾಸ್ತರರ ಗುರು. ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ, ಮನೆಯಿರಲಿಲ್ಲ, ಬರೆದ ಪುಸ್ತಕವೂ ಇರಲಿಲ್ಲ. ಅವರ ಹೆಸರಿನಲ್ಲಿ ಊರಲ್ಲಿ ಒಂದು ಓಣಿಯೂ ಇಲ್ಲ. ಹರೆಯದಲ್ಲಿ ಮಾಸ್ತರರು ಒಂದು ಹೊಸ ಬೂಷ್ಟನ್ನು ಕಂಡುಹಿಡಿದು, ಗುರುವಿನ ಹೆಸರಿಗೆ ಲ್ಯಾಟಿನ್ ಬಾಲ ಕಟ್ಟಿ, ಆ ಕುಲಕ್ಕೆ ರಾಚಯ್ಯೆಲ್ಲ ಎಂದು ಹೆಸರಿಟ್ಟಿದ್ದರು. ಜಗತ್ತಿನಲ್ಲಿ ರಾಚಯ್ಯನವರು ಉಳಿದಿದ್ದು ಆ ಒಂದು ಪದದಲ್ಲಿ.

ಆ ಕುಲದ ಗುರುತು ಚೀಲದ ಬಾಯಿಗಿದ್ದ ಮುಚ್ಚಳ. ಸಾರಿನ ಪಾತ್ರೆಯ ಮುಚ್ಚಳ ಎತ್ತಿದಂತೆ ಅದು ತೆರೆದುಕೊಂಡು ಮರಿಗಳು ಹೊರಗೆ ಬರುತ್ತವೆ. ಮುಚ್ಚಳ ಇದ್ದವು ಮೂರು ಸಿಕ್ಕಿದ್ದವು. ಮೊದಲು ಸಿಕ್ಕಿದ್ದು ರಾಚಯ್ಯನವರು ನೀರು ಸೇದುತ್ತಿದ್ದ ಬಾವಿಯಲ್ಲಿ. ಆಮೇಲೆ ಕೆರೆಯಲ್ಲಿ ಒಂದು, ಎರೆ ಹೊಲದ ಕರಿಮಣ್ಣಿನಲ್ಲಿ ಒಂದು.

ರಾಚಯ್ಯನವರ ಪುಣ್ಯತಿಥಿಗೆ ಹಳೆಯ ಶಿಷ್ಯರೆಲ್ಲ ದಡದಲ್ಲಿ ಸೇರುವುದು ರೂಢಿ. ಈ ವರ್ಷ ಶಿವಲೀಲಾ ತನ್ನ ಕೆಲಸ ಓದಿ ಹೇಳಬೇಕಿತ್ತು. ಹೊರಗಿನ ಮುಚ್ಚಳ ಹೇಳಿದ್ದನ್ನೇ ಒಳಗಿನ ಮೋಟೂ ಹೇಳುತ್ತದೆ, ರಾಚಯ್ಯೆಲ್ಲ ಒಂದೇ ಮನೆತನ ಎಂದು ತೋರಿಸಬೇಕಿತ್ತು. ಹಾಗೆಂದು ಮಾಸ್ತರರು ಹೇಳಿರಲಿಲ್ಲ. ಆದರೆ ಎಲ್ಲರೂ ಕಾಯುತ್ತಿದ್ದದ್ದು ಅದನ್ನೇ.

ಬಾವಿಯದನ್ನು ಮುಟ್ಟಲು ಯಾರಿಗೂ ಅಪ್ಪಣೆ ಇರಲಿಲ್ಲ. ಮಾಸ್ತರರೇ ಅದಕ್ಕೆ ಕಾಲಕಾಲಕ್ಕೆ ಹೊಸ ನೀರು, ಹೊಸ ಪರಾಗ ಕೊಟ್ಟು ಇಷ್ಟು ವರ್ಷ ಜೀವ ಉಳಿಸಿದ್ದರು. ಹಾಗಾಗಿ ಶಿವಲೀಲಾ ಕೆರೆಯದನ್ನೂ ಎರೆ ಹೊಲದ್ದನ್ನೂ ತೆಗೆದುಕೊಂಡು ಹೋದಳು.

ಕೆರೆಯದರಲ್ಲಿ ಮೋಟು ನೆಟ್ಟಗಿತ್ತು.

ಎರೆ ಹೊಲದ್ದರಲ್ಲಿ ಓರೆಯಾಗಿತ್ತು.

ಹೊರಗೆ ಎರಡಕ್ಕೂ ಒಂದೇ ಮುಚ್ಚಳ. ಒಳಗೆ ಎರಡು ಮನೆತನ. ಇದು ಹೇಗೆ? ಮೋಟು ಸುಳ್ಳೋ, ಮುಚ್ಚಳ ಸುಳ್ಳೋ?

ಯೋಚಿಸಿ ಯೋಚಿಸಿ ಅವಳಿಗೆ ಒಂದು ಉಪಾಯ ಹೊಳೆಯಿತು. ಗಾಜಿನ ಕತ್ತಿ ಮೊಂಡಾದರೆ ಸೀಳುವಾಗ ಮರಿಯನ್ನು ಒತ್ತುತ್ತದೆ. ಒತ್ತಿದಾಗ ಒಳಗಿನದು ಓರೆಯಾಗುತ್ತದೆ. ಅಂದರೆ ಎರೆ ಹೊಲದ ಸೀಳುಗಳು ಕೆಟ್ಟವು. ಅಷ್ಟೇ. ಹೊಸ ಕತ್ತಿಯಿಂದ ಮತ್ತೆ ಸೀಳಿದಳು. ಮತ್ತೆ ಓರೆ. ಕತ್ತಿಯೇ ಸರಿಯಿಲ್ಲ ಅಂದುಕೊಂಡಳು. ಮತ್ತೊಂದು ಸಲ ಸೀಳಿದಳು. ಅದೂ ಕೆಟ್ಟದ್ದರ ಜೊತೆಗೆ ಹೋಯಿತು.

ಕೆಟ್ಟ ಫಿಲ್ಮುಗಳನ್ನು ಆ ಶಾಲೆಯಲ್ಲಿ ಬಿಸಾಡುವ ಪದ್ಧತಿ ಇರಲಿಲ್ಲ. ಬೂಷ್ಟಿನ ತಟ್ಟೆಗಳಿಗೆ ಧೂಳು ಬೀಳದಂತೆ ಮೇಲೆ ಮುಚ್ಚುತ್ತಿದ್ದರು.

ಒಂದು ಬೆಳಿಗ್ಗೆ ಮಾಸ್ತರರು ತಟ್ಟೆಯೊಂದರ ಮೇಲಿನ ಫಿಲ್ಮು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದರು. ಭೂತಗನ್ನಡಿ ಹಚ್ಚಿ ಬಹಳ ಹೊತ್ತು ನೋಡಿದರು.

“ಶಿವಲೀಲಾ, ಇದು ಎಲ್ಲೀದು?”

“ಕೆಟ್ಟದ್ರಿ ಸರ್. ಕತ್ತಿ ಒತ್ತೈತ್ರಿ.”

“ಎಲ್ಲೀದು ಅಂತ ಕೇಳಿದ್ನಿ.”

“ಎರಿ ಹೊಲದ್ದು.”

ಪಕ್ಕದ ತಟ್ಟೆಯದನ್ನು ಎತ್ತಿದರು. “ಇದು?”

“ಅದೂ ಕತ್ತಿ ಒತ್ತಿದ್ದರಿ. ಎರಿ ಹೊಲದ್ದ.”

ಮತ್ತೊಂದು ಎತ್ತಿದರು. ಇನ್ನೊಂದು ಎತ್ತಿದರು. ಅವಳ ಉತ್ತರ ಸಣ್ಣದಾಗುತ್ತ ಹೋಯಿತು.

“ಕೆರೀದ್ರಾಗ ಕೆಟ್ಟದ್ದು ಒಂದೂ ಇಲ್ಲೇನು?”

“ಇಲ್ರಿ.”

“ಆ ಕತ್ತಿಗೆ ಎರಿ ಹೊಲದ ಮ್ಯಾಲ ಅದೇನ್ ಸಿಟ್ಟೋ,” ಅಂದರು ಮಾಸ್ತರರು. ಫಿಲ್ಮುಗಳನ್ನು ಅವಳ ಕೈಗೆ ಕೊಟ್ಟು, ಬೋಳಾದ ತಟ್ಟೆಗಳ ಮೇಲೆ ಹಳೆಯ ಪತ್ರಿಕೆ ಮುಚ್ಚಿದರು.

ಶಿವಲೀಲಾಗೆ ಅಳು ಬಂತು. ನಾಚಿಕೆಯೂ ಆಯಿತು. ಅಂದು ಮಧ್ಯಾಹ್ನ ಊಟ ಮಾಡದೆ ದಡದಲ್ಲಿ ಕೂತಳು. ಮಾಸ್ತರರೇ ಹುಡುಕಿಕೊಂಡು ಬಂದರು. ಕೈಯಲ್ಲಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಇದ್ದವು.

“ತಿನ್ನು. ಹಸ್ಕೊಂಡು ಕುಂತ್ರ ಮೋಟು ನೆಟ್ಟಗಾಗೂದಿಲ್ಲ.”

ಅವಳು ತಿಂದಳು. ತಿಂದಾದ ಮೇಲೆ ಹೇಳಿದಳು, “ಸರ್, ಎರಡೂ ಒಂದ ಮನೆತನ ಅಲ್ರಿ. ಮುಚ್ಚಳ ಮಾಡೂದನ್ನ ಇಬ್ಬರೂ ಬ್ಯಾರೆ ಬ್ಯಾರೆ ಕಲ್ತಾರ.”

“ಹೌದು.”

“ನಿಮಗ ಗೊತ್ತಿತ್ತೇನ್ರಿ?”

“ಸಂಶಯ ಇತ್ತು. ಕಣ್ಣು ಇರಲಿಲ್ಲ.”

“ಹಂಗಾದ್ರ ರಾಚಯ್ಯೆಲ್ಲ ಅನ್ನೂ ಹೆಸರು ಯಾರಿಗ್ರಿ? ಕೆರೀದಕ್ಕೋ, ಎರಿ ಹೊಲದಕ್ಕೋ?”

ಹೆಸರಿಡುವವರ ಲೋಕದಲ್ಲಿ ಇದಕ್ಕೊಂದು ನಿಯಮವಿದೆ. ಕುಲ ಒಡೆದರೆ, ಮೊಟ್ಟಮೊದಲು ಯಾವುದನ್ನು ನೋಡಿ ಹೆಸರಿಟ್ಟರೋ ಅದರ ಹಿಂದೆ ಹೆಸರು ಹೋಗುತ್ತದೆ. ಅದು ಯಾವ ಮನೆಗೆ ಸೇರುತ್ತದೋ ಹೆಸರೂ ಆ ಮನೆಗೆ. ಆ ಮನೆಗೆ ಹಳೆಯ ಹೆಸರೊಂದು ಮೊದಲೇ ಇದ್ದರೆ, ಹೊಸ ಹೆಸರು ಅಳಿದುಹೋಗುತ್ತದೆ.

ಕೆರೆಯದರ ಮನೆಗೆ ಬೇರೆ ಹೆಸರಿರಲಿಲ್ಲ. ಎರೆ ಹೊಲದ್ದರ ಮನೆಗೆ ಇತ್ತು. ಅಂಥದೇ ಓರೆ ಮೋಟಿನ, ಆದರೆ ಮುಚ್ಚಳವಿಲ್ಲದ ಒಂದು ಬೂಷ್ಟಿಗೆ ಎಂದೋ ಪರದೇಶದವರೊಬ್ಬರು ಹೆಸರಿಟ್ಟು ಹೋಗಿದ್ದರು.

ರಾಚಯ್ಯೆಲ್ಲ ಎಂದು ಹೆಸರಿಟ್ಟದ್ದು ಬಾವಿಯದನ್ನು ನೋಡಿ. ಅದರ ಮೋಟು ನೆಟ್ಟಗಿದ್ದರೆ ರಾಚಯ್ಯನವರು ಉಳಿದರು. ಓರೆಯಾಗಿದ್ದರೆ ಹೋದರು.

ಇಬ್ಬರೂ ನದಿಯನ್ನು ನೋಡುತ್ತ ಕೂತರು.

“ಸರ್, ಬಾವೀದನ್ನ ನೋಡೂದು ಬ್ಯಾಡ್ರಿ,” ಅಂದಳು ಶಿವಲೀಲಾ.

“ಯಾಕ?”

“ನೋಡ್ಲಿಲ್ಲಂದ್ರ ಗೊತ್ತಿಲ್ಲ ಅಂತ ಬರೀಬಹುದು. ಗೊತ್ತಿಲ್ಲ ಅನ್ನೂದು ಸುಳ್ಳಲ್ಲಲ್ರಿ.”

ಮಾಸ್ತರರು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಾವಿಯ ಬೂಷ್ಟಿದ್ದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದರು. ನಡೆಯುವಾಗ ನೀರು ತುಳುಕದಂತೆ ಹೆಜ್ಜೆ ಎಳೆದೆಳೆದು ಇಡುತ್ತಿದ್ದರು.

“ತಗೋ.”

“ನನ್ನ ಕೈಲಿ ಆಗೂದಿಲ್ರಿ.”

“ಅಂದ್ರ ನಾ ಸೀಳ್ಲೇನು? ನನಗ ಚಹಾದ ಕಪ್ಪು ಬಸೀನೂ ಕಾಣೂದಿಲ್ಲ.”

ಅವಳು ತಟ್ಟೆ ತೆಗೆದುಕೊಂಡಳು.

ಮರುದಿನ ಚೀಲಗಳು ಬಾಯಿ ತೆರೆದವು. ಮುಚ್ಚಳ ಸರಿದು, ಮರಿಗಳು ಒಂದರ ಹಿಂದೊಂದು ಹೊರಬಂದು, ಬಾಗಿಲಲ್ಲೇ ಕೊಂಚ ಗುಂಪಾಗಿ ನಿಂತು, ಚದುರಿ ಈಜಿದವು. ಶಿವಲೀಲಾ ಔಷಧದ ಹನಿ ಹಿಡಿದು ನೋಡುತ್ತಿದ್ದಳು. ಎಷ್ಟು ಹುರುಪಿನಿಂದ ಓಡಾಡುತ್ತಿದ್ದವು. ಇವಕ್ಕೆ ರಾಚಯ್ಯನವರೂ ಗೊತ್ತಿಲ್ಲ, ತಾನೂ ಗೊತ್ತಿಲ್ಲ ಅನ್ನಿಸಿ ಅವಳಿಗೆ ಹೊಟ್ಟೆಕಿಚ್ಚಾಯಿತು. ಹನಿ ಬಿಟ್ಟಳು. ಎಲ್ಲ ನಿಂತವು.

ಪಟ್ಟಣಕ್ಕೆ ಹೋದಳು. ಹೊಸ ಗಾಜು ಮುರಿದು ಹೊಸ ಕತ್ತಿ ಮಾಡಿದಳು. ಒಂದು ಸೀಳೂ ಕಳೆಯದಂತೆ ಒಂದಾದ ಮೇಲೆ ಒಂದು ತೆಗೆದಳು. ಬರುವಾಗ ಬಸ್ಸಿನಲ್ಲಿ ಫಿಲ್ಮುಗಳ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕೂತಿದ್ದಳು. ನಿದ್ದೆ ಬಂದಿರಲಿಲ್ಲ.

ಅವಳು ಶಾಲೆಗೆ ಬಂದಾಗ ಪುಣ್ಯತಿಥಿಯ ತಯಾರಿ ನಡೆದಿತ್ತು. ದಡದ ಮೇಲೆ ಚಾಪೆ ಹಾಸಿದ್ದರು. ರಾಚಯ್ಯನವರ ಫೋಟೋ ಯಾವುದೂ ಇರಲಿಲ್ಲವಾದ್ದರಿಂದ, ಪ್ರತಿ ವರ್ಷದಂತೆ ಅವರ ಬೂಷ್ಟಿನ ಚಿತ್ರಕ್ಕೇ ಮಾಲೆ ಹಾಕಿದ್ದರು. ಕೆಳಗೆ ದೊಡ್ಡ ಅಕ್ಷರದಲ್ಲಿ ರಾಚಯ್ಯೆಲ್ಲ ಎಂದು ಬರೆದಿತ್ತು.

ಮಾಸ್ತರರು ಒಳಗೆ ಒಬ್ಬರೇ ಕೂತಿದ್ದರು.

“ಏನಾತು?”

“ತಿಳೀವಲ್ದ್ರಿ ಸರ್. ಇನ್ನೊಮ್ಮೆ ಸೀಳಿ ನೋಡ್ಬೇಕು. ಇನ್ನೂ ಗೊಂದಲ ಐತಿ.”

“ಗೊಂದಲ ಫಿಲ್ಮಿನ್ಯಾಗ ಐತೋ, ನಿನ್ನಾಗ ಐತೋ?”

ಅವಳು ಡಬ್ಬಿ ತೆರೆದಳು. ಕಿಟಕಿಯ ಗಾಜಿಗೆ ಫಿಲ್ಮುಗಳನ್ನು ಸಾಲಾಗಿ ಅಂಟಿಸಿದಳು. ಮಾಸ್ತರರು ಭೂತಗನ್ನಡಿ ಹಿಡಿದು ಒಂದು ತುದಿಯಿಂದ ಶುರು ಮಾಡಿದರು. ಪ್ರತಿಯೊಂದರ ಮುಂದೆ ನಿಂತರು. ನಡುವೆ ಒಂದು ಕಡೆ ಬಹಳ ಹೊತ್ತು ನಿಂತರು. ಆಮೇಲೆ ಕೊನೆಯವರೆಗೆ ಹೋದರು. ಮತ್ತೆ ನಡುವಿಗೆ ಬಂದರು.

ಮೋಟು ಓರೆಯಾಗಿತ್ತು. ಸಂದೇಹಕ್ಕೆ ಜಾಗವಿರಲಿಲ್ಲ.

ಹೊರಗೆ ಯಾರೋ ಚಾಪೆ ಸಾಲದು, ಇನ್ನೆರಡು ತರ್ರಿ ಎಂದು ಕೂಗಿದರು.

“ಕತ್ತಿ ಒತ್ತಿರಬೇಕು ನೋಡು,” ಅಂದರು ಮಾಸ್ತರರು.



ಮಾಸ್ತರರು ಕೇಳುವುದೆಲ್ಲ ಪರೀಕ್ಷೆ ಎಂದು ಶಾಲೆಯಲ್ಲಿ ಮಾತಿತ್ತು. ಹಿಂದೆ ಒಮ್ಮೆ ಅವರು ನೀರು ತಾ ಎಂದಾಗ ಒಬ್ಬ ಶಿಷ್ಯ ಕೆರೆಯದೋ, ಬಾವಿಯದೋ, ಇದರ ಗೂಢವೇನೋ ಎಂದು ಯೋಚಿಸುತ್ತ ನಿಂತೇ ಬಿಟ್ಟಿದ್ದ. ಅವರಿಗೆ ಬಾಯಾರಿತ್ತು, ಅಷ್ಟೆ.

ಇದು ಪರೀಕ್ಷೆಯೋ? ಬಾಯಾರಿಕೆಯೋ?

ಅವಳು ಅವರ ಮುಖ ನೋಡಿದಳು. ಅವರು ಅವಳನ್ನು ನೋಡುತ್ತಿರಲಿಲ್ಲ. ಭೂತಗನ್ನಡಿ ಹಿಡಿದ ಕೈ ಕೆಳಗಿಳಿದಿತ್ತು. ಬರಿಗಣ್ಣಿಗೆ ಅವರಿಗೆ ಅಲ್ಲಿ ಏನೂ ಕಾಣುವಂತಿರಲಿಲ್ಲ. ಆದರೂ ಅದೇ ಫಿಲ್ಮಿನ ಕಡೆ ಮುಖ ಮಾಡಿ ನಿಂತಿದ್ದರು.

ಪರೀಕ್ಷೆಯಾಗಿದ್ದರೆ ಇಲ್ಲ ಅನ್ನುವುದು ಸುಲಭ. ಅಲ್ಲವಾಗಿದ್ದರೆ ಈ ಮುದುಕರಿಗೆ ಇಲ್ಲ ಅನ್ನುವ ಬಾಯಿ ಎಲ್ಲಿಂದ ತರುವುದು? ಹೂಂ ಅಂದರೆ ಯಾರಿಗೂ ತಿಳಿಯುವುದಿಲ್ಲ. ಈ ಬೂಷ್ಟನ್ನು ಸೀಳಿ ನೋಡಿದವಳು ಜಗತ್ತಿನಲ್ಲಿ ತಾನೊಬ್ಬಳೇ. ರೊಟ್ಟಿ ತಂದುಕೊಟ್ಟ ಕೈ ಅದು. ಅವಳಿಗೆ ಅವರ ಮೇಲೆ ಅಪ್ಪನಿಗಿಂತ ಹೆಚ್ಚು ಪ್ರೀತಿ ಇತ್ತು.

“ಇಲ್ರಿ ಸರ್,” ಅಂದಳು. “ಒತ್ತಿಲ್ಲ.”

“ಮೊಂಡ ಕತ್ತಿ ಇದ್ದೀತು.”

“ಹೊಸಾದು ಮಾಡಿದ್ನಿರಿ.”

“ಒಂದು ಸೀಳು ತಪ್ಪಿರಬೇಕು.”

“ಒಂದೂ ತಪ್ಪಿಲ್ರಿ. ಎಲ್ಲಾ ಅದಾವು.”

ಮಾಸ್ತರರು ತಲೆ ಅಲ್ಲಾಡಿಸಿದರು. ಕುರ್ಚಿ ಎಲ್ಲಿದೆ ಎಂದು ಕೈಯಾಡಿಸಿ ಹುಡುಕಿ ಕೂತರು. ಆ ಬೂಷ್ಟನ್ನು ಕಾಪಾಡಿದ ಮೂವತ್ತು ನಲವತ್ತು ವರ್ಷ ಒಮ್ಮೆಲೇ ಅವರ ಹೆಗಲ ಮೇಲೆ ಬಂದು ಕೂತವು. ಶಿವಲೀಲಾ ನೀರು ತಂದು ಕೊಟ್ಟಳು. ಕುಡಿದರು.

“ಹೊರಗ ಆ ಚಿತ್ರದ ಕೆಳಗ ಬರದದ್ದನ್ನ ಒರೆಸಾಕ ಹೇಳು,” ಅಂದರು. “ಮಾಲಿ ಇರಲಿ. ಆಮ್ಯಾಲ ನೀ ಓದು. ಎಲ್ಲಾ ಸೀಳೂ ತೋರಿಸು, ನಡುವಿಂದೂ ತೋರಿಸು.”

“ನೀವು ಬರ್ತೀರೇನ್ರಿ?”

“ಬರ್ತೀನಿ. ಮುಂದ ಕುಂದ್ರತೀನಿ. ಹಿಂದ ಕುಂತ್ರ ಕೇಳೂದಿಲ್ಲ.”

ಅವಳು ಫಿಲ್ಮುಗಳನ್ನು ಕಿಟಕಿಯಿಂದ ಬಿಡಿಸಿ ಡಬ್ಬಿಗೆ ಹಾಕಿಕೊಂಡಳು. ಬಾಗಿಲತನಕ ಹೋದಳು. ಆದರೆ ದಾಟಲು ಆಗಲಿಲ್ಲ. ಒಂದು ಮಾತು ಕೇಳಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಅನ್ನಿಸಿತು. ಅವರು ಹೌದು ಅಂದುಬಿಟ್ಟರೆ ಸಾಕಿತ್ತು.

“ಸರ್, ಕತ್ತಿ ಒತ್ತಿರಬೇಕು ಅಂದ್ರಲ್ಲ. ನೀವು ನನ್ನ ಪರೀಕ್ಷಾ ಮಾಡಿದ್ರಿ, ಹೌದಲ್ರಿ?”

ಮಾಸ್ತರರು ಅವಳ ದನಿ ಬಂದ ಕಡೆ ತಿರುಗಿದರು.

“ಇಲ್ಲ ಮಗಳ. ಖರೇನ ಕೇಳಿದ್ನಿ. ನೀ ಹೂಂ ಅಂದಿದ್ರ ನಾನೂ ಹೂಂ ಅಂತಿದ್ನಿ.”